ಬಾಯಿಂದ ಕಿವಿಗೆ, ಪುಟದಿಂದ ಪರದೆಗೆ

ಮಲಗುವ ಮುಂಚೆ ಹತ್ತು ನಿಮಿಷ ನೋಡೋಣ ಅಂತ ಹಾಕಿದ ಸಾಕ್ಷ್ಯಚಿತ್ರ. ಮುಗಿಯುವವರೆಗೂ ಕೂತಲ್ಲಿಂದ ಏಳಲಿಲ್ಲ! ಹೊರಗೆ ಮೈಸೂರಿನ ನಮ್ಮ ಮೇಟಗಳ್ಳಿ ನಿದ್ದೆ ಹೋಗಿತ್ತು, ಕೆ.ಆರ್.ಎಸ್. ರಸ್ತೆಯಲ್ಲಿ ಆಗೊಮ್ಮೆ ಈಗೊಮ್ಮೆ ಪಾಳಿ ಮುಗಿಸಿದವರ ಬೈಕಿನ ಸದ್ದು, ಅಷ್ಟೇ.

ಚಿತ್ರದ ಹೆಸರು ‘ಬಿ ನ್ಯಾಚುರಲ್’. ಪಮೇಲಾ ಗ್ರೀನ್ 2018ರಲ್ಲಿ ಕಟ್ಟಿಕೊಟ್ಟ, ಆಲಿಸ್ ಗೀ ಎಂಬ ಫ್ರೆಂಚ್ ಹೆಣ್ಣುಮಗಳ ಬದುಕು. ಸಿನಿಮಾ ಎಂದರೆ ಕಾರ್ಮಿಕರು ಕಾರ್ಖಾನೆಯಿಂದ ಹೊರಬರುವುದು, ರೈಲು ನಿಲ್ದಾಣಕ್ಕೆ ಬರುವುದು, ಇಷ್ಟನ್ನೇ ಜನ ಬಾಯಿಬಿಟ್ಟು ನೋಡುತ್ತಿದ್ದ ಕಾಲ ಅದು. ಕ್ಯಾಮೆರಾ ಕಂಪನಿಯಲ್ಲಿ ಸೆಕ್ರೆಟರಿಯಾಗಿದ್ದ ಆಕೆ 1896ರಲ್ಲೇ ಅದೇ ಯಂತ್ರದಿಂದ ಕಥೆ ಹೇಳಿದಳು! ಆಮೇಲೆ ಅಮೆರಿಕದಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದಳು. ನಟರ ಕಣ್ಣಿಗೆ ಬೀಳುವಂತೆ ‘ಸಹಜವಾಗಿರಿ’ ಎಂದು ದೊಡ್ಡ ಬೋರ್ಡು ಹಾಕಿಸಿದಳು. ಇಂಥವಳ ಹೆಸರೇ ಎಷ್ಟೋ ಕಾಲ ಚರಿತ್ರೆಯಲ್ಲಿ ಮಸುಕಾಗಿ ಹೋಗಿತ್ತಂತೆ!

ಹಾಗಾದರೆ ನಮ್ಮವರು ಯಾರು? ಕನ್ನಡದ ಮೊದಲ ನಿರ್ದೇಶಕಿ?

ಪ್ರೇಮಾ ಕಾರಂತ. ರಂಗಕರ್ಮಿ ಬಿ.ವಿ. ಕಾರಂತರ ಮಡದಿ ಎಂದಷ್ಟೇ ನಾನು ತಿಳಿದಿದ್ದ ಹೆಸರು. ಓದುತ್ತ ಹೋದಂತೆ ಬೆರಗೋ ಬೆರಗು! ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಗೆ ಉಡುಪು ಒದಗಿಸಿದವರು, ‘ಕುದುರೆ ಮೊಟ್ಟೆ’ಗೆ ಕಲಾ ನಿರ್ದೇಶನ ಮಾಡಿದವರು. ಮಕ್ಕಳ ರಂಗಭೂಮಿಗಾಗಿ ‘ಬೆನಕ ಮಕ್ಕಳ ಕೇಂದ್ರ’ವನ್ನು ಬೆಳೆಸಿದವರು. 1983ರಲ್ಲಿ ತೆರೆಗೆ ಬಂದ ‘ಫಣಿಯಮ್ಮ’ ಅವರ ಮೊದಲ ಚಿತ್ರ. ಮೊದಲ ಚಿತ್ರಕ್ಕೇ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ!

ನನ್ನ ಮೈ ಜುಮ್ಮೆಂದದ್ದು ಇದಕ್ಕಲ್ಲ. ಆ ಕಥೆ ಬಂದ ದಾರಿ ತಿಳಿದಾಗ. ಫಣಿಯಮ್ಮ ನಿಜವಾಗಿ ಬಾಳಿದ ಜೀವ, ಮಲೆನಾಡಿನ ಬಾಲವಿಧವೆ. ಆಕೆ ತನ್ನ ಬದುಕನ್ನು ಒಬ್ಬ ತಾಯಿಯ ಮುಂದೆ ಹೇಳಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಕೇಳಿಸಿಕೊಂಡ ಪುಟ್ಟ ಮಗಳೇ ಮುಂದೆ ಕಾದಂಬರಿ ಬರೆದ ಎಂ.ಕೆ. ಇಂದಿರಾ! ಆ ಕಾದಂಬರಿ ಪ್ರೇಮಾರ ಕೈಸೇರಿತು. ತೆರೆಯ ಮೇಲೆ ಎಲ್.ವಿ. ಶಾರದಾ ಫಣಿಯಮ್ಮನಾದರು. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರ ನಿಲ್ಲುವ, ಮೈಲಿಗೆಯ ಹಂಗು ತೊರೆದು ಹೆರಿಗೆ ಮಾಡಿಸಲು ಹೋಗುವ ಆ ಮುದುಕಿ, ಹೆಂಗಸರ ಕೈಯಿಂದ ಕೈಗೆ ದಾಟುತ್ತ ನಮ್ಮವರೆಗೂ ಬಂದಿದ್ದಾಳೆ. ಒಬ್ಬಳು ಸುಮ್ಮನಾಗಿದ್ದರೂ ಈ ಎಳೆ ಅಲ್ಲೇ ಕಡಿದುಹೋಗುತ್ತಿತ್ತು!

ಕಾರಂತರು ಕಟ್ಟಿದ ರಂಗಾಯಣ ನಮ್ಮ ಮನೆಯಿಂದ ಕೆಲವೇ ಕಿಲೋಮೀಟರ್. ಅಲ್ಲಿಗೆ ಎಷ್ಟು ಸಲ ಹೋಗಿಲ್ಲ ನಾನು! ಆದರೂ ಪ್ರೇಮಾರ ಬಗ್ಗೆ ಹೆಚ್ಚೇನೂ ತಿಳಿದಿರಲಿಲ್ಲ. ಪ್ರೇಮಾ 2007ರಲ್ಲಿ ತೀರಿಕೊಂಡರು. ಅವರ ಬದುಕನ್ನೂ ಆಲಿಸಳ ಬದುಕಿನ ಹಾಗೆ ಪರದೆಯ ಮೇಲೆ ಇಡಿಯಾಗಿ ನೋಡಬೇಕು, ನಮ್ಮ ಮಕ್ಕಳಿಗೆ ತೋರಿಸಬೇಕು ಎಂಬ ಆಸೆ ಈಗ ಹಗಲಿರುಳೂ ಕಾಡುತ್ತಿದೆ.

ಬೆಳಿಗ್ಗೆ ಸೊಪ್ಪು ಬಿಡಿಸುತ್ತಿದ್ದ ಅಮ್ಮನನ್ನು ಕೇಳಿದೆ: “ಅಮ್ಮ, ‘ಫಣಿಯಮ್ಮ’ ಓದಿದ್ದೀಯಾ?”

“ಓದದೇ ಏನು!” ಎಂದವಳೇ ಕಥೆ ಶುರುಮಾಡಿದಳು. ಶಾಲೆಗೆ ಹೊರಟಿದ್ದ ನನ್ನ ಮಗಳು ಚೀಲ ಕೆಳಗಿಟ್ಟು ಅಜ್ಜಿಯ ಪಕ್ಕ ಕುಳಿತಳು.