ಕಾಕಾನ ಟ್ರ್ಯಾಕ್ಟರ್ ಕಲಿಸಿದ ಓಮ್‌ನ ನಿಯಮ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಕುಳಗೇರಿ ಕ್ರಾಸ್‌ನಲ್ಲಿ ಟ್ರ್ಯಾಕ್ಟರ್ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಿಂದ ಬಾದಾಮಿಗೆ ತಿರುಗುವ ಈ ಜಾಗದಲ್ಲಿ ರಾತ್ರಿಯೂ ಜಾನಪದ ಹಾಡಿನ ಧುಡುಂ ಧುಡುಂ. ನಮ್ಮ ಕಾಕಾನಿಗೂ ಅದೇ ಹುಚ್ಚು. ಹೋದ ವರ್ಷ ನಾನು ರಜೆಗೆ ಬಂದಾಗ ಕಾರಿಗೆ ಹಾಕುವ ಆಂಪ್ಲಿಫೈಯರ್, ಎರಡು ವೂಫರ್ ತಂದು ಮುಂದಿಟ್ಟು, ‘ಇಂಜಿನಿಯರ್ ಸಾಹೇಬ್ರ, ನೀವ ಜೋಡಿಸ್ರಿ ನೋಡೂಣು’ ಅಂದ.

ಬಿ.ಇ. ಎಲೆಕ್ಟ್ರಿಕಲ್ ಓದುವ ನನಗೆ ಇದೇನು ಮಹಾ? 4 ಓಮ್‌ನ ಎರಡು ವೂಫರ್ ಸಮಾಂತರವಾಗಿ ಜೋಡಿಸಿದರೆ 2 ಓಮ್. ಆಂಪ್ಲಿಫೈಯರ್ ಮೇಲೂ ‘2 ಓಮ್’ ಎಂದೇ ಇತ್ತು. ಇನ್ನಷ್ಟು ಜೋರು ಬರಲೆಂದು ಅದರ ಎರಡೂ ಚಾನೆಲ್‌ಗಳನ್ನು ಬ್ರಿಜ್ ಮಾಡಿದೆ. ಮೊದಲ ದಿನ ಓಣಿಯ ಹುಡುಗರೆಲ್ಲ ಬಂದು ಕುಣಿದರು. ನನ್ನ ಎದೆಯೂ ಉಬ್ಬಿತ್ತು.

ಮೂರನೆಯ ದಿನ ಫ್ಯೂಸ್ ಹೋಯಿತು. ಅಂಗಡಿ ಬಾಗಿಲು ಹಾಕಿತ್ತು. ತಾಮ್ರದ ನಾಲ್ಕೆಳೆ ಸುತ್ತಿ ಕೂರಿಸಿದೆ. ಅವತ್ತೇ ರಾತ್ರಿ ಲೋಡ್ ತುಂಬಿಕೊಂಡು ಹೊರಟಾಗ ಸೀಟಿನ ಕೆಳಗಿಂದ ಸುಟ್ಟ ವಾಸನೆ, ಹಿಂದೆಯೇ ಹೊಗೆ. ಹಿಂದೆ ಒಣ ರವದಿ ಸಿಕ್ಕಿಕೊಂಡ ಎರಡು ಟ್ರೇಲರ್ ಕಬ್ಬು, ಮುಂದೆ ಡೀಸೆಲ್ ಟ್ಯಾಂಕ್. ಕಾಕಾ ಗಾಡಿ ನಿಲ್ಲಿಸಿದ. ನಡುಗುವ ಕೈಯಲ್ಲಿ ಪಾನಾ ಹಿಡಿದು ಬ್ಯಾಟರಿಯ ಟರ್ಮಿನಲ್ ಬಿಚ್ಚಿದೆ. ವೈರಿನ ಹೊದಿಕೆ ಮೇಣದಂತೆ ಕರಗಿತ್ತು. ಕಾಕಾ ಬೈಯಲಿಲ್ಲ. ‘ರೊಕ್ಕ ಹೋದ್ರ ಹೋಗ್ಲಿ. ನಿನಗೇನರ ಆಗಿದ್ರ ನಿಮ್ಮವ್ವಗ ಏನ್ ಹೇಳ್ಲಿ?’ ಅಂದ ಅಷ್ಟೇ.

ಮರುದಿನ ಕೈಪಿಡಿ ತೆಗೆದು ಓದಿದೆ. 2 ಓಮ್ ಎಂಬುದು ಒಂದೊಂದು ಚಾನೆಲ್‌ಗೆ. ಬ್ರಿಜ್ ಮಾಡಿದರೆ 4 ಓಮ್‌ಗಿಂತ ಕಡಿಮೆ ಬೇಡ ಎಂದು ಸಣ್ಣ ಅಕ್ಷರದಲ್ಲಿತ್ತು. ಬ್ರಿಜ್‌ನಲ್ಲಿ ಎರಡು ಚಾನೆಲ್‌ಗಳು ವೂಫರನ್ನು ಎರಡು ತುದಿಯಿಂದ ನಡೆಸುತ್ತವೆ. ಹಾಗಾಗಿ ಒಂದೊಂದಕ್ಕೂ ಕಾಣುವುದು ಅರ್ಧ ಓಮ್ ಮಾತ್ರ. ನನ್ನ 2 ಓಮ್ ಅಲ್ಲಿ 1 ಓಮ್ ಆಗಿತ್ತು! ಓಮ್ ಅರ್ಧವಾದರೆ ಕರೆಂಟ್ ಎರಡು ಪಟ್ಟು. ಕರೆಂಟ್ ಎರಡು ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟು. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ತೆಗೆದುಕೊಂಡಿದ್ದೆ.

ಇನ್ನೊಂದು ಲೆಕ್ಕ ನೋಡಿ. ಶೇ 60ರಷ್ಟು ದಕ್ಷತೆಯ ಆಂಪ್ಲಿಫೈಯರ್ 500 ವ್ಯಾಟ್ ಹೊರಗೆ ಕೊಡಬೇಕಾದರೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 70 ಆಂಪಿಯರ್ ಎಳೆಯುತ್ತದೆ. ಮನೆಯಲ್ಲಿ ಗೀಜರ್‌ಗೆ ಹಾಕುವ ದೊಡ್ಡ ಸಾಕೆಟ್ಟೇ 16 ಆಂಪಿಯರ್‌ನದು. ಹೀಗಿರುವಾಗ ತೆಳು ವೈರ್ ಎಲ್ಲಿ ತಡೆದೀತು? ಫ್ಯೂಸ್ ಇರುವುದು ಮುಖ್ಯವಾಗಿ ಆ ವೈರನ್ನು ಕಾಯಲು. ಅದನ್ನು ಬ್ಯಾಟರಿಯಿಂದ ಎರಡು ಗೇಣಿನೊಳಗೇ ಹಾಕಬೇಕು. ಹೋದರೆ ಅಷ್ಟೇ ಆಂಪಿಯರ್‌ನದನ್ನು ಹಾಕಬೇಕು. ಮತ್ತೆ ಹೋದರೆ ತಪ್ಪು ಬೇರೆಲ್ಲೋ ಇದೆ ಎಂದು ಹುಡುಕಬೇಕು. ವೈರ್ ಕೊಳ್ಳುವಾಗ ತುದಿ ಕೆರೆದು ನೋಡಿ. ತಾಮ್ರದ ಲೇಪದ ಅಲ್ಯೂಮಿನಿಯಂ ಆದರೆ ಅದೇ ದಪ್ಪದ ತಾಮ್ರದಷ್ಟು ಕರೆಂಟ್ ತಡೆಯದು. ವೂಫರ್ ಜೋಡಿಸಿದ ಮೇಲೆ, ಆಂಪ್ಲಿಫೈಯರ್‌ಗೆ ಕೊಡುವ ಮೊದಲು ಮಲ್ಟಿಮೀಟರ್ ಹಚ್ಚಿ. 4 ಓಮ್‌ನದು 3.5ರ ಆಸುಪಾಸು ತೋರಿಸಿದರೆ ಗಾಬರಿ ಬೇಡ. 2ರ ಕೆಳಗೆ ತೋರಿಸಿದರೆ ಕೈ ತೆಗೆಯಿರಿ.

ಆಮೇಲೆ ದಪ್ಪ ತಾಮ್ರದ ವೈರ್ ಎಳೆದು, ಎರಡೂ ವೂಫರ್‌ಗಳನ್ನು ಸರಣಿಯಲ್ಲಿ ಜೋಡಿಸಿದೆ. ಈಗ 8 ಓಮ್. ‘ಸೌಂಡ್ ಕಡಿಮಿ ಆತಲ್ಲೋ’ ಎಂದು ಕಾಕಾ ಮುಖ ಸಣ್ಣದು ಮಾಡಿದ. ವ್ಯಾಟ್ ಕಾಲು ಭಾಗಕ್ಕೆ ಇಳಿದರೂ ಶಬ್ದ ಇಳಿಯುವುದು 6 ಡೆಸಿಬೆಲ್ ಮಾತ್ರ ಎಂದು ತಿಳಿಸಿ ಹೇಳಿದೆ. ಅವನಿಗೆ ಡೆಸಿಬೆಲ್ ತಿಳಿಯಲಿಲ್ಲ. ಆದರೆ ವಾರದ ಮೇಲೆ, ಹಿಂದಿನ ಲಾರಿಯ ಹಾರ್ನ್ ಈಗ ಕೇಳುತ್ತದೆ ಎಂದು ತಾನೇ ಹೇಳಿದ.

ಅವನ ಟೂಲ್‌ಬಾಕ್ಸ್‌ನಲ್ಲಿ ಪಾನಾ, ಪಕ್ಕಡಗಳ ಜೊತೆ ಈಗ ನಾಲ್ಕು ಹೊಸ ಫ್ಯೂಸ್‌ಗಳಿವೆ. ಕರಗಿದ ಆ ವೈರಿನ ತುಂಡು ಮಾತ್ರ ಹಾಸ್ಟೆಲ್‌ನಲ್ಲಿ ನನ್ನ ಟೇಬಲ್ ಮೇಲಿದೆ.