ಮಂದ್ರಸ್ವರಕ್ಕೊಂದು ಮನೆ: ಬೇಸ್ ಗಿಟಾರಿನ ಧ್ವನಿಪೆಟ್ಟಿಗೆ

(ಸಂಘದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಮ್ಮ ರಾಜ್ಯೋತ್ಸವದ ವಾದ್ಯಗೋಷ್ಠಿಗಳಲ್ಲಿ ಕೀಬೋರ್ಡು, ತಬಲಾ, ಕೊಳಲು ಎಲ್ಲವೂ ಸ್ಪಷ್ಟವಾಗಿ ಕೇಳಿಬರುತ್ತವೆ. ಬೇಸ್ ಗಿಟಾರ್ ಮಾತ್ರ ಗುಡಾಣದೊಳಗಿನಿಂದ ಯಾರೋ ಗೊಣಗಿದಂತಿರುತ್ತದೆ. 1981ರ ‘ಗೀತಾ’ ಚಿತ್ರದ ಹಾಡುಗಳಲ್ಲಿ ಇಳಯರಾಜಾ ಅವರು ಈ ವಾದ್ಯವನ್ನು ನಡೆಸಿದ ಬಗೆಯನ್ನು ಮೆಚ್ಚಿದವರಿಗೆ ಈ ನಷ್ಟವನ್ನು ವಿವರಿಸಬೇಕಾಗಿಲ್ಲ. ದೋಷ ಬಹುಮಟ್ಟಿಗೆ ವಾದಕರದಲ್ಲ, ಪೆಟ್ಟಿಗೆಯದು. ಒಳ್ಳೆಯ ಪೆಟ್ಟಿಗೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಆದರೆ ಗರಗಸಕ್ಕಿಂತ ಮೊದಲು ಲೆಕ್ಕ ಬರಬೇಕು.

ನಾಲ್ಕು ತಂತಿಯ ಬೇಸ್ ಗಿಟಾರಿನ ಅತ್ಯಂತ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 41 ಕಂಪನಗಳದು. ಗಾಳಿಯಲ್ಲಿ ಆ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಸ್ಪೀಕರಿನ ಶಂಕು ಮುಂದಿನ ಗಾಳಿಯನ್ನು ತಳ್ಳುವಾಗಲೇ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಪೆಟ್ಟಿಗೆಯಿಲ್ಲದಿದ್ದರೆ ಇಷ್ಟು ನೀಳವಾದ ಅಲೆಗಳು ಅಂಚನ್ನು ಬಳಸಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಆದ್ದರಿಂದ ಇವೆರಡನ್ನು ಬೇರ್ಪಡಿಸುವುದೇ ಪೆಟ್ಟಿಗೆಯ ಮೊದಲ ಕರ್ತವ್ಯ.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಒಳಗೆ ಸೆರೆಯಾದ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ; ಪೆಟ್ಟಿಗೆ ಕಿರಿದಾದಷ್ಟೂ ಸ್ಪ್ರಿಂಗು ಬಿಗಿ. ಕಾರಿಗೆ ಹಿಡಿಯಲಿ ಎಂದು ಪೆಟ್ಟಿಗೆಯನ್ನು ಕುಗ್ಗಿಸಿದರೆ ನಿಜವಾದ ಮಂದ್ರ ಸೊರಗಿ, ಅದರ ಮೇಲಿನ ಸ್ವರಗಳು ಅಕಾರಣವಾಗಿ ಉಬ್ಬುತ್ತವೆ. ಪೆಟ್ಟಿಗೆಗೆ ಒಂದು ಕೊಳವೆಯನ್ನು ಜೋಡಿಸಿದರೆ ಕೊಳವೆಯೊಳಗಿನ ಗಾಳಿ ಆ ಸ್ಪ್ರಿಂಗಿನ ಮೇಲೆ ಕುಣಿಯುವ ತೂಕವಾಗಿ, ಒಂದು ನಿರ್ದಿಷ್ಟ ಕಂಪನಾಂಕದಲ್ಲಿ ತಾನೇ ನುಡಿಯತೊಡಗುತ್ತದೆ. ಘಟವಾದಕರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ, ಸಡಿಲಿಸಿ ಗುಂಕಾರವನ್ನು ಬದಲಿಸುವುದನ್ನು ನೀವೆಲ್ಲ ಕಂಡಿದ್ದೀರಿ. ತತ್ತ್ವ ಅದೇ.

ಈ ಶಾಸ್ತ್ರಕ್ಕೆ ಭದ್ರವಾದ ಅಡಿಪಾಯ ಬಿದ್ದುದು ನಾವು ನೆಲೆಸಿರುವ ಆಸ್ಟ್ರೇಲಿಯಾದಲ್ಲಿಯೇ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ನೆವಿಲ್ ಥೀಲ್ ಅವರು 1961ರಲ್ಲಿ ಇಲ್ಲಿ ಪ್ರಕಟಿಸಿದ ಪ್ರಬಂಧ 1971ರಲ್ಲಿ ಅಮೆರಿಕದಲ್ಲಿ ಮರುಮುದ್ರಣಗೊಂಡಿತು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ಇಂದು ಸ್ಪೀಕರಿನೊಡನೆ ಬರುವ ವಿವರಪತ್ರದಲ್ಲಿ ಈ ಇಬ್ಬರ ಹೆಸರಿನ ಅಂಕಿಗಳಿರುತ್ತವೆ. ಅವುಗಳಲ್ಲಿ ಮೂರು ಮುಖ್ಯ: ಶಂಕು ತಾನಾಗಿ ಕಂಪಿಸುವ ಕಂಪನಾಂಕ, ಅದರ ತೂಗುಪಟ್ಟಿಯಷ್ಟೇ ಮೆದುವಾಗಿರುವ ಗಾಳಿಯ ಗಾತ್ರ, ಮತ್ತು ಕಂಪನ ಎಷ್ಟು ಬೇಗ ಅಡಗುತ್ತದೆಂಬ ಅಳತೆ. ಇವಿಲ್ಲದ ಸ್ಪೀಕರನ್ನು, ಎಷ್ಟೇ ಅಗ್ಗವಾಗಿರಲಿ, ಕೊಳ್ಳಬೇಡಿರಿ. ಇವನ್ನು ಉಣಿಸಿದರೆ ಪೆಟ್ಟಿಗೆಯ ಗಾತ್ರವನ್ನು ಹೇಳುವ ಕಂಪ್ಯೂಟರ್ ಕ್ರಮವಿಧಿಗಳು ಉಚಿತವಾಗಿಯೇ ದೊರೆಯುತ್ತವೆ.

ಒಂದು ಉದಾಹರಣೆ. ಹನ್ನೆರಡು ಇಂಚಿನ ಸ್ಪೀಕರಿಗೆ ಒಳ ಅಳತೆ 52, 42, 37 ಸೆಂಟಿಮೀಟರಿನ ಪೆಟ್ಟಿಗೆಯೆನ್ನಿ. ಸುಮಾರು 81 ಲೀಟರ್. ಸ್ಪೀಕರು, ಕೊಳವೆ, ಆಧಾರಪಟ್ಟಿಗಳು ಆಕ್ರಮಿಸುವ ಜಾಗವನ್ನು ಕಳೆದರೆ ಸುಮಾರು 75 ಉಳಿಯುತ್ತದೆ. 10 ಸೆಂಟಿಮೀಟರ್ ವ್ಯಾಸದ ಒಂದು ಕೊಳವೆಯಿಂದ ಇದನ್ನು 45 ಹರ್ಟ್ಸಿಗೆ ಶ್ರುತಿ ಮಾಡಲು ಕೊಳವೆಯ ಉದ್ದ 8 ಸೆಂಟಿಮೀಟರ್ ಸಾಕು. ಗಾಳಿ ಬುಸುಗುಟ್ಟದಿರಲೆಂದು ಅಂತಹ ಎರಡನ್ನು ಇಟ್ಟರೆ ತಲಾ 23 ಸೆಂಟಿಮೀಟರ್ ಬೇಕಾಗುತ್ತದೆ. ಎರಡಾದರೆ ಉದ್ದ ಅರ್ಧವಾಗಬೇಕೆಂದು ತೋರುವುದು ಸಹಜ. ನಿಜ ಅದಕ್ಕೆ ವಿರುದ್ಧ.

ಕೊಳವೆಯ ಪೆಟ್ಟಿಗೆಗೊಂದು ಅಪಾಯವುಂಟು. ಶ್ರುತಿಗಿಂತ ಬಹಳ ಕೆಳಗಿನ ಸ್ವರಗಳಲ್ಲಿ ಶಂಕುವಿಗೆ ಗಾಳಿಯ ಆಸರೆ ತಪ್ಪುತ್ತದೆ. ಅದು ಮಿತಿಮೀರಿ ಜಿಗಿದು ಹರಿಯಬಹುದು. ಐದನೆಯ ತಂತಿಯ ಕೆಳಸ್ವರ ಸುಮಾರು 31 ಹರ್ಟ್ಸ್. ಅಂತಹ ಗಿಟಾರಿಗೆ ಈ ಪೆಟ್ಟಿಗೆಯನ್ನು ಜೋರಾಗಿ ನುಡಿಸಬಾರದು. ಹಾಗೆಂದು ತಳಮುಟ್ಟುವ ಹಂಬಲವೂ ಬೇಡ: ಕೆಳತಂತಿಯಲ್ಲಿ ಮೂಲಸ್ವರಕ್ಕಿಂತ ಅದರ ಇಮ್ಮಡಿಯೇ ಹಲವು ವೇಳೆ ಪ್ರಬಲವಾಗಿರುತ್ತದೆ, ಕಾಣೆಯಾದುದನ್ನು ನಮ್ಮ ಕಿವಿಯೇ ಊಹಿಸಿ ತುಂಬಿಕೊಳ್ಳುತ್ತದೆ.

ಮರದ ವಿಷಯ ಸಂಕ್ಷೇಪವಾಗಿ. 18 ಮಿಲಿಮೀಟರಿನ ಒಳ್ಳೆಯ ಪ್ಲೈವುಡ್ ಬಳಸಿರಿ, ಎಂ.ಡಿ.ಎಫ್. ಭಾರ ಹೆಚ್ಚು, ಪ್ರಯಾಣದಲ್ಲಿ ಅದರ ಮೂಲೆಗಳು ಬೇಗ ಉದುರುತ್ತವೆ. ಕೊಯ್ಯುವಾಗ ಧೂಳಿನ ಮುಖವಾಡ ಕಡ್ಡಾಯ. ಎದುರುಬದುರಿನ ಹಲಗೆಗಳ ನಡುವೆ ಅಡ್ಡಪಟ್ಟಿ ಹಾಕದಿದ್ದರೆ ಹಲಗೆಗಳೇ ಹಾಡಲಾರಂಭಿಸುತ್ತವೆ. ಸೀಳುಗಳನ್ನು ಪತ್ತೆಹಚ್ಚಲು, ಅಂಟು ಒಣಗಿದ ಮೇಲೆ ಸಣ್ಣಗೆ ಮಂದ್ರಸ್ವರವೊಂದನ್ನು ನುಡಿಸುತ್ತ ಸಂದುಗಳ ಬಳಿ ಊದುಬತ್ತಿ ಹಿಡಿಯಿರಿ. ಹೊಗೆ ಅದುರಿದಲ್ಲಿ ತೂತಿದೆ.

ಎಂಟು ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ ನಾಲ್ಕು ಓಮಾಗುತ್ತದೆ. ಆಂಪ್ಲಿಫೈಯರಿನ ಹಿಂಬದಿಯಲ್ಲಿ ನಮೂದಿಸಿದ ಕನಿಷ್ಠ ಮಿತಿಗಿಂತ ಕೆಳಗಿಳಿಯಬೇಡಿರಿ, ಅದು ಸುಟ್ಟೀತು. ಕೊನೆಯದಾಗಿ ಹಿಡಿಕೆಗಳು. ಅಯಸ್ಕಾಂತದ ಭಾರವೆಲ್ಲ ಮುಂಬದಿಯಲ್ಲಿರುವುದರಿಂದ ಅವನ್ನು ಪಕ್ಕದ ಹಲಗೆಯ ನಡುವಿನಲ್ಲಿ ಇಡದೆ ತುಸು ಮುಂದಕ್ಕೆ ಕೂರಿಸಿ, ಅವುಗಳ ಅಂಚನ್ನೂ ಗಾಳಿಯಾಡದಂತೆ ಮುಚ್ಚಿರಿ.