ಕಾಕಾನ ಟಪಾಲಿಗೆ ನಾನು ಹಾಕಿದ ಬೀಗ

ಧಾರವಾಡದ ಕಡೆ ಚಿಕ್ಕಪ್ಪನಿಗೆ ಕಾಕಾ ಅನ್ನುತ್ತೇವೆ, ಗುಜರಾತಿಗಳೂ ಹಾಗೇ. ಎಂ.ಟೆಕ್ ಮುಗಿಸಿ ಅಹಮದಾಬಾದಿಗೆ ಬಂದ ಹೊಸದರಲ್ಲಿ ಊರಿನ ನೆನಪು ತಂದ ಮೊದಲ ಶಬ್ದ ಅದು. ನಮ್ಮ ಕಂಪನಿಯ ಸೂರತ್ ಶಾಖೆಯಲ್ಲಿ ಬಟ್ಟೆ ರಫ್ತು ನೋಡಿಕೊಳ್ಳುವ ಹಿರಿಯರೊಬ್ಬರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಾರೆ. ಅವರ ಒಂದು ಆರ್ಡರ್ ನನ್ನಿಂದ ತಪ್ಪಿಹೋಯಿತು.

ಮೇಲ್ ಸರ್ವರ್ ನನ್ನ ಜವಾಬ್ದಾರಿ. ವಡೋದರಾದ ಲೆಕ್ಕಪತ್ರ ವಿಭಾಗಕ್ಕೆ ನಕಲಿ ಇನ್‌ವಾಯ್ಸ್‌ಗಳು ಬರತೊಡಗಿದಾಗ ಫಿಲ್ಟರ್ ಬಿಗಿ ಮಾಡಿದೆ. ನಾವು ಬಳಸುವ ಸ್ಪ್ಯಾಮ್‌ಅಸಾಸಿನ್ ಪ್ರತಿ ಪತ್ರದ ಲಕ್ಷಣಗಳಿಗೆ ಅಂಕ ಹಾಕುತ್ತದೆ. ಮೊತ್ತ 5 ಮುಟ್ಟಿದರೆ ಸ್ಪ್ಯಾಮ್ ಎನ್ನುವುದು ಅದರ ಮೂಲ ಮಿತಿ. ನಾನು 3.5ಕ್ಕೆ ಇಳಿಸಿದೆ, ಅದೂ ಎಲ್ಲರಿಗೂ. ನಕಲಿ ಬಿಲ್‌ಗಳು ನಿಂತವು. ಜೊತೆಗೆ ಹೊಸ ವಿದೇಶಿ ಗಿರಾಕಿಯೊಬ್ಬ ಉಚಿತ ಮೇಲ್ ವಿಳಾಸದಿಂದ 'ಅರ್ಜೆಂಟ್' ಎಂದು ದೊಡ್ಡಕ್ಷರದಲ್ಲಿ ಬರೆದ ಪತ್ರವೂ 4.1 ಅಂಕ ಪಡೆದು ಒಂಬತ್ತು ದಿನ ಕ್ವಾರಂಟೈನ್‌ನಲ್ಲಿ ಬಿದ್ದಿತ್ತು. ಅಷ್ಟರಲ್ಲಿ ಆತ ಬೇರೆಯವರನ್ನು ಹಿಡಿದಿದ್ದ.

"ದೀಕ್ರಾ, ಅಂಗಡಿ ನನ್ನದು, ಬಾಗಿಲು ಹಾಕಿದವನು ನೀನಾ?" ಎಂದರು ಕಾಕಾ. ಬೈದಿದ್ದರೆ ಸುಲಭವಿತ್ತು.

ಒಬ್ಬೊಬ್ಬರಿಗೂ ಬೇರೆ ಮಿತಿ ಕೊಡುವುದು ಕಷ್ಟವಲ್ಲ. ಡೇಟಾಬೇಸ್‌ನ ಒಂದು ಟೇಬಲ್‌ನಲ್ಲಿ ಬಳಕೆದಾರನ ಹೆಸರು, ಆಯ್ಕೆ, ಅದರ ಮೌಲ್ಯ ಬರೆದಿಟ್ಟರೆ ಸಾಕು. ಎಲ್ಲರಿಗೂ ಅನ್ವಯಿಸುವುದಕ್ಕೆ 'ಗ್ಲೋಬಲ್' ಹೆಸರಿನ ಸಾಲು ಇರುತ್ತದೆ. ತೊಡಕಿರುವುದು ಎಸ್‌ಎಂಟಿಪಿಯಲ್ಲಿ. ಒಂದೇ ಪತ್ರ ಕಾಕಾಗೂ ಲೆಕ್ಕಪತ್ರದವರಿಗೂ ಒಟ್ಟಿಗೆ ಬಂದರೆ, ಪತ್ರದ ಒಡಲು ಮುಗಿದ ಮೇಲೆ ಸರ್ವರ್ ಕೊಡಬಹುದಾದದ್ದು ಒಂದೇ ಉತ್ತರ: ತೆಗೆದುಕೊಂಡೆ ಅಥವಾ ಇಲ್ಲ. ಯಾರ ಮಿತಿ ಹಿಡಿಯಬೇಕು?

ಅಮಾವಿಸ್ ಎಂಬ ತಂತ್ರಾಂಶ ಒಮ್ಮೆ ಅಂಕ ಹಾಕಿ, ಅದನ್ನು ಪ್ರತಿಯೊಬ್ಬರ ಮಿತಿಯೊಂದಿಗೆ ಹೋಲಿಸುತ್ತದೆ. ಅಗ್ಗದ ದಾರಿ. ಆದರೆ ಕಾಕಾ ತಮ್ಮ ಪತ್ರಗಳಿಂದಲೇ ಫಿಲ್ಟರಿಗೆ ಕಲಿಸಬೇಕು ಎನ್ನುವುದು ನನ್ನ ಹಟ. ಆದ್ದರಿಂದ ಬಾಗಿಲಲ್ಲಿ 15 ದಾಟಿದ್ದನ್ನು ಮಾತ್ರ ತಿರಸ್ಕರಿಸಿ, ಉಳಿದದ್ದನ್ನು ವಿಳಾಸದಾರರಿಗೆ ಒಂದೊಂದು ಪ್ರತಿ ಮಾಡಿ, ತಲುಪಿಸುವಾಗ ಅವರವರ ಹೆಸರಲ್ಲಿ ಪರೀಕ್ಷಿಸುವಂತೆ ಮಾಡಿದೆ. ಇದಕ್ಕೆ ಬೆಲೆ ಇದೆ. ಉತ್ತರಾಯಣದ ಶುಭಾಶಯ ಇಡೀ ಸಿಬ್ಬಂದಿಗೆ ಹೋದಾಗ ಒಂದೇ ಗಾಳಿಪಟದ ಚಿತ್ರವನ್ನು ಸರ್ವರ್ ನೂರಾರು ಬಾರಿ ಪರೀಕ್ಷಿಸುತ್ತ ಏದುಸಿರು ಬಿಟ್ಟಿತು. ನಾನು ಊಂಧಿಯು ತಟ್ಟೆ ಬಿಟ್ಟು ತಾರಸಿಯಿಂದ ಕೆಳಗೋಡಿದೆ. ಈಗ ಲಾಗಿನ್ ಆಗಿ ಕಳಿಸಿದ ಒಳಗಿನ ಪತ್ರಗಳಿಗೆ ಪರೀಕ್ಷೆಯಿಲ್ಲ.

ಇನ್ನೊಂದು ಎಚ್ಚರ. ಕಾಕಾ ತಮ್ಮ ಗಿರಾಕಿಗಳ ವಿಳಾಸಗಳನ್ನೆಲ್ಲ 'ನಂಬಿಕೆಯ ಪಟ್ಟಿ'ಗೆ ಸೇರಿಸಲು ಹೇಳಿದರು. 'ಇಂದ' ಎಂಬ ಸಾಲನ್ನು ಯಾರು ಬೇಕಾದರೂ ನಕಲು ಮಾಡಬಹುದು. ಹಾಗಾಗಿ ಎಸ್‌ಪಿಎಫ್ ಅಥವಾ ಡಿಕೆಐಎಂ ಪರಿಶೀಲನೆ ಪಾಸಾದರೆ ಮಾತ್ರ ಆ ಪಟ್ಟಿ ಕೆಲಸ ಮಾಡುವಂತೆ ಬರೆದೆ.

ಕಾಕಾನ ಮಿತಿ ಈಗ 6.5, ಲೆಕ್ಕಪತ್ರದವರದು 3.5ರಲ್ಲೇ ಇದೆ. ಕ್ವಾರಂಟೈನ್ ತೆಗೆದುಹಾಕಿದ್ದೇನೆ, ಅನುಮಾನದ ಪತ್ರಗಳು ಅವರವರ ಜಂಕ್ ಫೋಲ್ಡರಿಗೇ ಹೋಗುತ್ತವೆ. ಕಲಿಕೆ ಇನ್ನೂ ಶುರುವಾಗಿಲ್ಲ, ಅದಕ್ಕೆ ಕನಿಷ್ಠ 200 ಕಸದ ಪತ್ರ, 200 ಒಳ್ಳೆಯ ಪತ್ರ ಬೇಕು. ಕಾಕಾ ಬೆಳಗಿನ ಚಹಾದ ಜೊತೆ ಒಂದೊಂದನ್ನೇ ಆರಿಸಿ ಹಾಕುತ್ತಾರೆ. ಹೋದ ವಾರ ಫೋನ್ ಮಾಡಿ ಆ ಗಿರಾಕಿ ಮತ್ತೆ ಬರೆದನಾ ಎಂದು ಕೇಳಿದೆ.

"ಇಲ್ಲ ದೀಕ್ರಾ. ಒಳ್ಳೆಯ ಪತ್ರ 163 ಆಗಿವೆ" ಎಂದರು.